ಶ್ರಾವಕರ ಮನೆಯ ಕೈತೋಟ: ಹುಳು ಬರುವ ಮೊದಲೇ ಮಾಡಬೇಕಾದ ಕೆಲಸ

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ ನಡೆದಾಗ ನಾನೂ ಹಾಸನದಿಂದ ಹೋಗಿ ಕೆಲವು ದಿನ ಅಡುಗೆಯ ಕಡೆ ಸ್ವಯಂಸೇವಕನಾಗಿದ್ದೆ. ನನ್ನ ಪಾಲಿಗೆ ಬಂದದ್ದು ತರಕಾರಿ ಶೋಧನೆಯ ಕೆಲಸ. ಒಂದೊಂದು ಬೆಂಡೆಕಾಯಿಯನ್ನೂ ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಬೇಕು, ಉದ್ದಕ್ಕೆ ಸೀಳಿ ಒಳಗೆ ನೋಡಬೇಕು, ಆಮೇಲೆ ಹೆಚ್ಚಬೇಕು. ಒಂದು ಬೆಳಿಗ್ಗೆ ಇಡೀ ಮೂಟೆ ಸೋಸಿದರೂ ಒಂದೇ ಒಂದು ಹುಳು ಸಿಗಲಿಲ್ಲ. ನಾವೆಲ್ಲ ಸಂತೋಷಪಟ್ಟೆವು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ, "ಹುಳು ಇರೋ ಕಾಯಿ ಆಗಲ್ಲ, ಸರಿ. ಒಂದೂ ಹುಳು ಇಲ್ಲದ ಮೂಟೆ ಹೊಲದಿಂದ ಹೇಗೆ ಬಂತು, ಅದನ್ನೂ ಯೋಚನೆ ಮಾಡಿ" ಎಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಅದೇ ಜೂನ್‌ನಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ಹನ್ನೆರಡು ಗ್ರೋ ಬ್ಯಾಗ್ ಇಟ್ಟು ತೋಟ ಶುರು ಮಾಡಿದೆ. ಮನೆಯಲ್ಲೇ ಬೆಳೆದರೆ ಏನು ಹಾಕಿದ್ದೇವೆ, ಏನು ಹಾಕಿಲ್ಲ ಎಂದು ನಮಗೇ ಗೊತ್ತಿರುತ್ತದೆ ಎಂಬ ಲೆಕ್ಕಾಚಾರ. ಆದರೆ ಮೊದಲ ಪೆಟ್ಟು ಬಿದ್ದದ್ದೇ ಅಲ್ಲಿ.

ಚಪ್ಪರದವರೆ ಹೂ ಬಿಡುವ ಹೊತ್ತಿಗೆ ಕುಡಿಗಳ ತುಂಬ ಕಪ್ಪು ಹೇನು ಮುತ್ತಿತು. ಔಷಧಿ ಮಾರುವ ಅಂಗಡಿಯೊಂದರಲ್ಲಿ ಕೇಳಿದೆ, ಸಣ್ಣ ಬಾಟಲಿ ಕೊಟ್ಟರು. ಮುಚ್ಚಳದಲ್ಲಿ ಅಳೆದು ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿದೆ. ಮರುದಿನ ಬೆಳಿಗ್ಗೆ ಕಾಯಿ ಬಿಡಿಸಲು ನಮ್ಮ ತಾಯಿ ಮೆಟ್ಟಿಲು ಹತ್ತಿ ಬಂದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಬಳ್ಳಿಯ ಕೆಳಗೆ ಹತ್ತಿಪ್ಪತ್ತು ಜೇನುನೊಣ, ಒಂದು ಸಾಲು ಇರುವೆ ಸತ್ತು ಬಿದ್ದಿದ್ದವು. ಬುಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತರು. "ಇದನ್ನ ಯಾರಿಗೆ ಬಡಿಸ್ತೀಯಪ್ಪ?" ಎಂದಷ್ಟೇ ಕೇಳಿ ಕೆಳಗಿಳಿದು ಹೋದರು. ಜಗಳವಿಲ್ಲ, ಬೈಗುಳವಿಲ್ಲ. ಆ ಹಂಗಾಮು ಮುಗಿಯುವವರೆಗೂ ನನ್ನ ತೋಟದ ಒಂದು ಕಾಯಿಯನ್ನೂ ತಟ್ಟೆಗೆ ಹಾಕಿಸಿಕೊಳ್ಳಲಿಲ್ಲ. ಬೇಳೆಸಾರು, ಅನ್ನದಲ್ಲೇ ಊಟ ಮುಗಿಸುತ್ತಿದ್ದರು.

ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ ಹೇಳುತ್ತಾರೆ. ಗೃಹಸ್ಥನಿಗೆ ಅಡುಗೆ, ಬೇಸಾಯ, ವ್ಯಾಪಾರ ಬಿಟ್ಟು ಬದುಕಿಲ್ಲ. ಹಾಗಾಗಿ ಅವುಗಳಲ್ಲಿ ಆಗುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಆದರೆ ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡಬೇಕು. ಕೃಷಿಯನ್ನು ಜನರಿಗೆ ಕಲಿಸಿದವರೇ ಆದಿನಾಥ ತೀರ್ಥಂಕರರು ಎಂಬುದು ನಮಗೆಲ್ಲ ತಿಳಿದದ್ದು, ಮಣ್ಣು ಮುಟ್ಟುವುದೇ ಪಾಪ ಎಂದು ಯಾರೂ ಹೇಳಿಲ್ಲ. ಬಾಟಲಿ ತಂದು ಸಿಂಪಡಿಸಿದ್ದು ಈ ನಾಲ್ಕರಲ್ಲಿ ಯಾವುದು ಎಂದು ತೀರ್ಪು ಕೊಡುವಷ್ಟು ಶಾಸ್ತ್ರ ನಾನು ಓದಿಲ್ಲ. ತಾಯಿ ಊಟದ ತಟ್ಟೆಯಲ್ಲೇ ತೀರ್ಪು ಕೊಟ್ಟಿದ್ದರು.

ದಾರಿ ಸಿಕ್ಕಿದ್ದು ನನ್ನ ಅಂಗಡಿಯಲ್ಲೇ. ನಲವತ್ತು ವರ್ಷದಿಂದ ಕಿರಾಣಿ ವ್ಯಾಪಾರ ಮಾಡಿದವನು ನಾನು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಡುವುದು, ಅವರೆ ಬೀಜಕ್ಕೆ ಬೂದಿ ಬೆರೆಸುವುದು, ಡಬ್ಬಕ್ಕೆ ತುಂಬುವ ಮೊದಲು ಚೆನ್ನಾಗಿ ಒಣಗಿಸುವುದು, ಇವೆಲ್ಲ ನಮ್ಮ ಹಿರಿಯರು ಮಾಡುತ್ತಿದ್ದ ಕೆಲಸ. ಎಲ್ಲವೂ ಹುಳು ಬೀಳುವ ಮೊದಲು ಮಾಡುವಂಥದು. ಬಿದ್ದ ಮೇಲೆ ಕೇರಿದರೂ ಹಿಂಸೆ, ಬಿಸಿಲಿಗೆ ಹಾಕಿದರೂ ಹಿಂಸೆ, ಹಾಗೇ ಮಾರಿದರೆ ಮೋಸ. ತೋಟಕ್ಕೂ ಇದೇ ಬುದ್ಧಿ ಓಡಿಸಬೇಕಿತ್ತು. ಕಳೆದ ಕೆಲವು ವರ್ಷಗಳಲ್ಲಿ ಕಲಿತದ್ದನ್ನು ಕೈತೋಟ ಮಾಡಬೇಕೆಂದಿರುವ ಬಂಧುಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಏನು ಬೆಳೆಯಬೇಕು. ಕಂದಮೂಲ ತಿನ್ನದ ಮನೆಗೆ ಒಂದು ಅನುಕೂಲವಿದೆ. ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್ ಬೇಡವಾದ್ದರಿಂದ ಮಣ್ಣನ್ನು ಅಗೆಯುವ, ಬುಡಮೇಲು ಮಾಡುವ ಕೆಲಸವೇ ಇಲ್ಲ. ಹುಳುವಿನ ಕಾರಣಕ್ಕೆ ಹೂಕೋಸು, ಎಲೆಕೋಸು ಹಲವರ ಮನೆಗೆ ಬರುವುದಿಲ್ಲ. ಬಹುಬೀಜವೆಂದು ಬದನೆ ಬಿಟ್ಟವರಿದ್ದಾರೆ. ಬದನೆ ಬೆಳೆಯುವವರಿಗೆ ಗೊತ್ತು, ಕುಡಿ ಮತ್ತು ಕಾಯಿ ಕೊರೆಯುವ ಹುಳು ಅದನ್ನು ಬಿಡುವುದೇ ಇಲ್ಲ. ತೋಟದ ದೃಷ್ಟಿಯಿಂದಲೂ ಅದು ಇಲ್ಲದಿರುವುದೇ ವಾಸಿ. ಉಳಿದದ್ದು ಬೆಂಡೆ, ಟೊಮೆಟೊ, ಮೆಣಸಿನಕಾಯಿ, ಬೀನ್ಸ್, ಅಲಸಂದೆ, ಅವರೆ, ಹೀರೆ, ಪಡವಲ, ಸೋರೆ, ಹಾಗಲ, ಸೌತೆ, ತೊಂಡೆ, ಸೊಪ್ಪುಗಳು. ಒಂದು ಸಂಸಾರಕ್ಕೆ ಇಷ್ಟು ಧಾರಾಳವಾಯಿತು.

ಜಾಗಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಅದಿಲ್ಲದಿದ್ದರೆ ಕಾಯಿಯ ಆಸೆ ಬಿಟ್ಟು ಸೊಪ್ಪು ಹಾಕಿಕೊಳ್ಳಿ. ಬೆಂಡೆ, ಮೆಣಸು, ಟೊಮೆಟೊಗೆ ಒಂದಡಿ ಅಗಲ, ಒಂದಡಿ ಆಳದ ಚೀಲ ಸಾಕು. ಬಳ್ಳಿಗಳಿಗೆ ಇನ್ನೂ ದೊಡ್ಡದಿರಲಿ. ನೀರು ಕುಡಿದ ಒಂದಡಿ ಚೀಲ ಇಪ್ಪತ್ತು ಕಿಲೋಗೆ ಕಡಿಮೆಯಿರುವುದಿಲ್ಲ. ಆದ್ದರಿಂದ ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆ ಇರುವ ಅಂಚಿನಲ್ಲಿ ಸಾಲಾಗಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಇಡಿ. ಇಟ್ಟಿಗೆ ಇದ್ದರೆ ನೀರು ಹರಿದು ಹೋಗುತ್ತದೆ, ತಾರಸಿ ಸೋರುವುದಿಲ್ಲ. ಕೆಳಗೆ ಏನು ಸೇರಿಕೊಂಡಿದೆ ಎಂದು ಬಗ್ಗಿ ನೋಡಲೂ ಆಗುತ್ತದೆ.

ಮಣ್ಣಿಗೆ ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮವಾಗಿ ಬೆರೆಸುತ್ತೇನೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಬಸಿದ ಮೇಲೆ ಬಳಸಬೇಕು. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತು, ವಾಸನೆ ಹೋಗಿ, ಕೈಯಲ್ಲಿ ಪುಡಿಪುಡಿಯಾಗಬೇಕು. ಹಸಿ ಸಗಣಿ, ಅರ್ಧ ಕೊಳೆತ ಗೊಬ್ಬರದಲ್ಲಿ ಗೊಣ್ಣೆಹುಳು, ನೊಣದ ಮರಿ ತುಂಬಿರುತ್ತವೆ. ಅದನ್ನು ತಂದು ಕುಂಡಕ್ಕೆ ಹಾಕಿದರೆ ಹಿಂಸೆಗೆ ನಾವೇ ಆಹ್ವಾನ ಕೊಟ್ಟಂತೆ. ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುವ ವಿಚಾರದಲ್ಲಿ ನಮ್ಮವರಲ್ಲಿ ಎರಡು ಅಭಿಪ್ರಾಯ ಇದೆ. ಸಿಪ್ಪೆ ರಾಶಿ ಕೊಳೆಯುವಾಗ ಜೀವಗಳು ಹುಟ್ಟದೆ ಇರುವುದಿಲ್ಲ. ರಾಶಿ ಬಿಸಿಯೇರಿದರೆ ಅವು ಸಾಯುತ್ತವೆ. ನಾನು ಸಿಪ್ಪೆಯನ್ನು ಹಸುವಿಗೆ ಹಾಕುತ್ತೇನೆ, ಒಣ ಎಲೆಯನ್ನಷ್ಟೇ ಗೊಬ್ಬರಕ್ಕೆ ಬಿಡುತ್ತೇನೆ. ನಿಧಾನ, ಆದರೆ ಮನಸ್ಸಿಗೆ ಸಮಾಧಾನ.

ಬೆಳೆ ಮುಗಿದ ಗಿಡವನ್ನು ಬೇರುಸಹಿತ ಕೀಳಬೇಡಿ. ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಒಳಗೇ ಬಿಡಿ. ಅವರೆ, ಅಲಸಂದೆ, ಬೀನ್ಸ್‌ನ ಬೇರಿನ ಗಂಟುಗಳಲ್ಲಿ ಸಾರಜನಕ ಇರುತ್ತದೆ, ಅದು ಮುಂದಿನ ಬೆಳೆಗೆ ಸಿಗುತ್ತದೆ. ಮಣ್ಣಿನೊಳಗಿನ ಎರೆಹುಳು, ಇರುವೆಗಳ ಮನೆಯೂ ಕೆಡುವುದಿಲ್ಲ.

ಇನ್ನು ಮುಖ್ಯ ವಿಷಯ, ಹುಳು. ಇಲ್ಲಿ ಒಂದು ಸಂಗತಿ ಅರ್ಥವಾದ ಮೇಲೆ ನನ್ನ ಕೆಲಸ ಅರ್ಧಕ್ಕೆ ಇಳಿಯಿತು. ಬೆಂಡೆಯೊಳಗೆ, ಹಾಗಲದೊಳಗೆ ಸಿಗುವ ಹುಳು ಎಲ್ಲಿಂದಲೋ ನಡೆದು ಬಂದದ್ದಲ್ಲ. ಒಂದು ಪತಂಗವೋ ನೊಣವೋ ಬಂದು ಮೊಟ್ಟೆ ಇಟ್ಟು ಹೋಗಿರುತ್ತದೆ. ಅದು ಗಿಡದ ಮೇಲೆ ಕೂರದಂತೆ ತಡೆದರೆ ಒಳಗೆ ಹುಳುವೇ ಹುಟ್ಟುವುದಿಲ್ಲ, ಕೊಲ್ಲುವ ಪ್ರಶ್ನೆಯೂ ಬರುವುದಿಲ್ಲ. ತಡೆಯಲು ಬೇಕಾದದ್ದು ಸೊಳ್ಳೆ ಪರದೆಯ ಬಟ್ಟೆ. ನಾಲ್ಕು ಕೋಲು ನೆಟ್ಟು, ಸುತ್ತ ಪರದೆ ಬಿಟ್ಟು, ಕೆಳಗೆ ಇಟ್ಟಿಗೆ ಹೇರಿದರೆ ಆಯಿತು.

ಹಾಗೆ ಮುಚ್ಚಿದರೆ ಜೇನುನೊಣ ಬರುವುದಿಲ್ಲವಲ್ಲ, ಕಾಯಿ ಹೇಗೆ ಕಟ್ಟುತ್ತದೆ ಎಂದು ಕೇಳುತ್ತಾರೆ. ಬೆಂಡೆ, ಟೊಮೆಟೊ, ಮೆಣಸು, ಬೀನ್ಸ್, ಅಲಸಂದೆ ಇವುಗಳ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ, ಹೆಚ್ಚಿನ ಮಟ್ಟಿಗೆ ತಮ್ಮಷ್ಟಕ್ಕೆ ಕಾಯಿ ಕಟ್ಟುತ್ತವೆ. ಟೊಮೆಟೊ ಗಿಡವನ್ನು ಬೆಳಿಗ್ಗೆ ಒಮ್ಮೆ ಮೆಲ್ಲಗೆ ಅಲುಗಿಸಿದರೆ ಸಾಕು. ಇವನ್ನು ಮೊದಲ ದಿನದಿಂದ ಕೊನೆಯವರೆಗೂ ಪರದೆಯೊಳಗೆ ಇಡಬಹುದು.

ಬಳ್ಳಿಗಳ ಕಥೆ ಬೇರೆ. ಹೀರೆ, ಸೋರೆ, ಹಾಗಲ, ಸೌತೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ದುಂಬಿ ಕಡಿಮೆಯಿರುವ ಪೇಟೆಯ ತಾರಸಿಯಲ್ಲಿ ಈ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಜನ ರೋಗವೆಂದುಕೊಳ್ಳುತ್ತಾರೆ. ರೋಗವಲ್ಲ, ಪರಾಗ ಸಿಕ್ಕಿಲ್ಲ ಅಷ್ಟೆ. ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ನವಿರಾಗಿ ಸವರಬೇಕು. ಹೊತ್ತು ನೋಡಿ ಮಾಡಬೇಕು: ಹಾಗಲ, ಸೌತೆ ಬೆಳಿಗ್ಗೆ ಅರಳುತ್ತವೆ, ಹೀರೆ, ಸೋರೆ ಸಂಜೆ ಅರಳುತ್ತವೆ. ನಾನು ಮೊದಲ ವರ್ಷ ಹೀರೆ ಹೂವನ್ನು ಬೆಳಿಗ್ಗೆ ಎಂಟಕ್ಕೆ ಹುಡುಕುತ್ತಿದ್ದೆ! ಈಗ ಅಂಗಡಿಯಿಂದ ಬೇಗ ಬಂದು, ಸೂರ್ಯಾಸ್ತದ ಮೊದಲಿನ ಊಟ ಮುಗಿಸಿ ಮೇಲೆ ಹೋಗುತ್ತೇನೆ, ಆ ಹೊತ್ತಿಗೆ ಹಳದಿ ಹೂ ಬಿಚ್ಚಿರುತ್ತದೆ.

ಪರಾಗ ಸೇರಿದ ಎರಡು ಮೂರು ದಿನಕ್ಕೆ ಕಾಯಿ ದಪ್ಪಗಾಗತೊಡಗುತ್ತದೆ. ಹಣ್ಣುನೊಣ ಬರುವುದೂ ಆಗಲೇ. ಎಳೆ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹೊರಗೆ ಸಣ್ಣ ಅಂಟಿನ ಹನಿ ಬಿಟ್ಟರೆ ಏನೂ ಕಾಣದು. ವಾರ ಕಳೆದು ಕಾಯಿ ಸೊಟ್ಟಗಾಗಿ, ಕೊಯ್ದರೆ ಒಳಗೆ ಬಿಳಿ ಹುಳುಗಳು. ಇದನ್ನು ತಡೆಯಲು ಕಾಯಿಗೆ ಅಂಗಿ ತೊಡಿಸಬೇಕು. ಎರಡು ಮಡಿಕೆಯ ಪತ್ರಿಕೆ ಕಾಗದವನ್ನು ಕೊಳವೆ ಮಾಡಿ, ಕೆಳಗೆ ಮಡಚಿ, ಮೇಲೆ ತೊಟ್ಟಿಗೆ ದಾರ ಕಟ್ಟುತ್ತೇವೆ. ಮಳೆಗಾಲದಲ್ಲಿ ಕಾಗದ ಹರಿಯುತ್ತದೆ, ಹಳೆಯ ಪಂಚೆಯ ಬಟ್ಟೆಯಿಂದ ಹೊಲಿದ ಚೀಲವೇ ಒಳ್ಳೆಯದು. ತೊಟ್ಟಿನ ಕಡೆ ಸಂದು ಬಿಡಬಾರದು, ನೊಣ ಅಲ್ಲೇ ನುಗ್ಗುತ್ತದೆ. ನಮ್ಮ ಮನೆಯವರು ಹೊಲಿದ ಮೂವತ್ತು ಚೀಲ ಇವೆ, ಒಗೆದು ಒಣಗಿಸಿ ಪುನಃ ಬಳಸುತ್ತೇವೆ. ಚೀಲ ಕಟ್ಟಿದ ಹಾಗಲಕಾಯಿಯ ಬಣ್ಣ ತುಸು ಬಿಳಿಚಿಕೊಳ್ಳುತ್ತದೆ, ರುಚಿಗೆ ಮೋಸವಿಲ್ಲ. ಚೀಲ ತಪ್ಪಿದ ಕಾಯಿಯಲ್ಲಿ ಹುಳು ಕಂಡರೆ ಅದನ್ನು ಇನ್ನಷ್ಟು ಹೆಚ್ಚದೆ, ಇಡಿಯಾಗಿ ಹಿತ್ತಿಲ ಮರದ ಬುಡದಲ್ಲಿ ನೆರಳಿಗೆ ಬಿಡುತ್ತೇವೆ.

ಹೇನು, ಬಿಳಿನೊಣ ಪರದೆಯ ಕಣ್ಣಿಗಿಂತ ಸಣ್ಣವು, ಅವಕ್ಕೆ ಇದು ನಡೆಯುವುದಿಲ್ಲ. ಹೇನು ಬರುವುದಕ್ಕೆ ಅರ್ಧ ಕಾರಣ ನಾವೇ. ಬೇಗ ಬೆಳೆಯಲಿ ಎಂದು ಗೊಬ್ಬರ ಹೆಚ್ಚಿಗೆ ಹಾಕಿದರೆ ಕುಡಿ ಮೆತ್ತಗೆ, ರಸಭರಿತವಾಗಿ ಬರುತ್ತದೆ, ಹೇನಿಗೆ ಅದೇ ಹಬ್ಬ. ನನ್ನ ಮೊದಲ ವರ್ಷದ ಅವರೆಗೆ ಆದದ್ದೂ ಅದೇ ಎಂದು ಈಗ ಅನ್ನಿಸುತ್ತದೆ. ಗೊಬ್ಬರ ತಿಂಗಳಿಗೊಮ್ಮೆ ಒಂದು ಹಿಡಿ ಸಾಕು, ಗಿಡಗಳ ನಡುವೆ ಗಾಳಿ ಆಡಲಿ. ಇರುವೆ ಸಾಲು ಬಳ್ಳಿ ಹತ್ತುವುದು ಕಂಡರೆ ಎಚ್ಚರವಾಗಿ. ಹೇನು ಒಸರುವ ಸಿಹಿ ಅಂಟಿಗಾಗಿ ಇರುವೆಗಳು ಹೇನನ್ನು ಕಾಯುತ್ತವೆ. ಬೆಂಡೆಯ ಪಕ್ಕ ದಾಸವಾಳ ಇಡಬೇಡಿ. ಎರಡೂ ಒಂದೇ ಕುಲದವು, ದಾಸವಾಳದ ಬಿಳಿ ಹಿಟ್ಟುತಿಗಣೆ ಬೆಂಡೆಗೆ ಹಬ್ಬುತ್ತದೆ. ಪೂಜೆಯ ಹೂವಿಗೆ ದಾಸವಾಳ ಬೇಕಿದ್ದರೆ ಮನೆಯ ಮುಂದೆ ಇರಲಿ. ಬಿಳಿನೊಣ ಬೆಂಡೆಗೆ ಹಳದಿ ನಂಜು ರೋಗ ಹರಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ತಳಿ ಈ ರೋಗವನ್ನು ತಡೆದುಕೊಳ್ಳುವಂಥದು, ನಾವು ಅದನ್ನೇ ಹಾಕುತ್ತೇವೆ.

ಬೇವಿನೆಣ್ಣೆ ಸಿಂಪಡಿಸಿ, ಅದರಲ್ಲಿ ಹಿಂಸೆ ಇಲ್ಲ ಎಂದು ನಮ್ಮ ಬಂಧುಗಳೇ ಒಬ್ಬರಿಗೊಬ್ಬರು ಹೇಳುತ್ತಾರೆ. ಅರ್ಧ ನಿಜ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶದಿಂದ ಹುಳು ಎಲೆ ತಿನ್ನುವುದನ್ನು ಬಿಡುತ್ತದೆ. ಅದೇ ಅಂಶ ಮರಿಹುಳು ಪೊರೆ ಕಳಚಿ ಬೆಳೆಯುವುದನ್ನೂ ತಡೆಯುತ್ತದೆ, ಅಂದರೆ ಅದು ಸಾಯುತ್ತದೆ. ಎಣ್ಣೆ ಮೈಗೆ ಅಂಟಿದರೆ ಹೇನಿಗೂ ಉಳಿಗಾಲವಿಲ್ಲ. ಹಾಗಾಗಿ ಗಿಡದ ಮೇಲೆ ಏನೂ ಇಲ್ಲದಾಗ ಮಾತ್ರ, ಎಲೆಯ ಅಡಿ ನೋಡಿಕೊಂಡು, ಲೀಟರ್ ನೀರಿಗೆ 3ರಿಂದ 5 ಮಿಲಿ ಎಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕದಡಿ ಸಿಂಪಡಿಸುತ್ತೇನೆ. ಹುಳು ಬಂದ ಮೇಲೆ ಇಲ್ಲ. ಹಳದಿ ಅಂಟುಕಾರ್ಡು, ನೊಣಗಳನ್ನು ಸೆಳೆದು ಸಾಯಿಸುವ ಡಬ್ಬಗಳು ಸಾವಯವ ಎಂದೇ ಮಾರಾಟವಾಗುತ್ತವೆ. ಸಾವಯವ ಹೌದು, ಆದರೆ ಅವುಗಳ ಕೆಲಸವೇ ಕೊಲ್ಲುವುದು, ನಮ್ಮ ಮನೆಗೆ ಅವು ಬೇಡ. ಇಷ್ಟೆಲ್ಲ ಮಾಡಿದರೂ ಹೇನು ಬಂದರೆ ಆ ಒಂದು ಗಿಡವನ್ನು ಅದಕ್ಕೇ ಬಿಟ್ಟು ಚೀಲವನ್ನು ದೂರ ಇಡುತ್ತೇನೆ. ಎರಡು ವಾರದಲ್ಲಿ ಗುಲಗಂಜಿ ಹುಳು ಬಂದು ಅವನ್ನು ತಿನ್ನುವುದುಂಟು. ಅದು ಅವುಗಳ ಲೆಕ್ಕ.

ನೀರನ್ನು ಬೆಳಿಗ್ಗೆ, ಬಟ್ಟೆಯಲ್ಲಿ ಗಾಳಿಸಿ, ಬುಡಕ್ಕೆ ಹಾಕುತ್ತೇವೆ. ಕುಂಡದ ಕೆಳಗಿನ ತಟ್ಟೆ, ಖಾಲಿ ಬಕೆಟ್‌ಗಳಲ್ಲಿ ನೀರು ನಿಲ್ಲಬಾರದು. ಸೊಳ್ಳೆ ಮೊಟ್ಟೆಯಿಂದ ಹಾರುವ ಮಟ್ಟಕ್ಕೆ ಬರಲು ಸುಮಾರು ಒಂದು ವಾರ ಸಾಕು, ಮರಿ ಕಂಡ ಮೇಲೆ ಚೆಲ್ಲಿದರೆ ಆ ಹಿಂಸೆ ನಮ್ಮದೇ. ಮಣ್ಣಿನ ಮೇಲೆ ಎರಡು ಅಂಗುಲ ಒಣ ಎಲೆ ಹೊದಿಸಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತದೆ. ಮಳೆ ಹಿಡಿದಾಗ ಹೊದಿಕೆಯನ್ನು ಕಾಂಡದಿಂದ ದೂರ ಸರಿಸಿ, ಇಲ್ಲದಿದ್ದರೆ ಬಸವನಹುಳು ಅಡಗುತ್ತವೆ. ಅವುಗಳಿಗೆ ರಾತ್ರಿ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸೇರಿರುತ್ತವೆ, ಎತ್ತಿ ತೇವವಿರುವ ಪಾಳು ಜಾಗಕ್ಕೆ ಬಿಡಬಹುದು. ಬೇರೆಯವರ ತೋಟಕ್ಕೆ ಬಿಟ್ಟು ಬರಬೇಡಿ, ಅವರು ಉಪ್ಪು ಹಾಕುತ್ತಾರೆ.

ಬಿತ್ತನೆಯ ಪಂಚಾಂಗವೂ ನಮ್ಮದೇ ಇರಬೇಕು. ಮಳೆಗಾಲದಲ್ಲಿ ಸೊಪ್ಪಿನ ಎಲೆಯ ಅಡಿ ಜೀವ ಹೆಚ್ಚು, ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಹಲವರಿದ್ದಾರೆ. ತಿನ್ನದ ಸೊಪ್ಪನ್ನು ಬೆಳೆಸುವುದೇಕೆ? ಆಷಾಢದಿಂದ ಕಾರ್ತಿಕದವರೆಗೆ ಸೊಪ್ಪಿನ ಚೀಲಗಳಿಗೆ ರಜೆ, ಆ ಜಾಗದಲ್ಲಿ ಅಲಸಂದೆ ಹಾಕುತ್ತೇನೆ. ಹರಿವೆ, ಮೆಂತ್ಯ ಮೂರು ನಾಲ್ಕು ವಾರದ ಬೆಳೆ. ದೀಪಾವಳಿ ಹತ್ತಿರ ಬಿತ್ತಿದರೆ ಚಾತುರ್ಮಾಸ ಮುಗಿದ ಮೇಲೆ ಮೊದಲ ಕುಯ್ಲು ಸಿಗುತ್ತದೆ. ಬೆಂಡೆಯದು ಇನ್ನೊಂದು ತೊಡಕು. ಹೂ ಬಿದ್ದ ಐದಾರು ದಿನಕ್ಕೆ ಕಾಯಿ ಬಿಡಿಸಬೇಕು, ತಡವಾದರೆ ನಾರು. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವ ಮನೆಯಲ್ಲಿ ಆ ದಿನದ ಕಾಯಿ ಬಲಿತುಬಿಡುತ್ತದೆ. ಅದನ್ನು ನಷ್ಟವೆಂದು ಬರೆಯಬೇಡಿ. ಗಟ್ಟಿ ಗಿಡದ ಒಂದೆರಡು ಕಾಯಿ ಗಿಡದಲ್ಲೇ ಒಣಗಲಿ, ಮುಂದಿನ ವರ್ಷದ ಬೀಜವಾಯಿತು. ಎರಡು ಕಾಯಿಯ ಬೀಜ ನಮಗೆ ಸಾಕಾಗಿ, ನೆರೆಯವರಿಗೂ ಕೊಡುವಷ್ಟು ಮಿಗುತ್ತದೆ.

ವ್ಯಾಪಾರಿಯಾಗಿ ಒಂದು ಮಾತು. ಹಣದ ಲಾಭಕ್ಕೆ ಇದನ್ನು ಮಾಡಬೇಡಿ. ಚೀಲ, ಮಣ್ಣು, ಪರದೆಗೆ ಹಾಕಿದ ದುಡ್ಡು ಮೊದಲ ವರ್ಷದ ತರಕಾರಿಯಲ್ಲಿ ಹುಟ್ಟುವುದಿಲ್ಲ. ನಾಲ್ಕು ಜನರ ಮನೆಗೆ ಎಂಟು ಬೆಂಡೆ, ನಾಲ್ಕು ಟೊಮೆಟೊ, ನಾಲ್ಕು ಮೆಣಸು, ಎರಡು ಬಳ್ಳಿ, ಇಷ್ಟರಿಂದ ಶುರು ಮಾಡಿ. ಮೂವತ್ತು ಚೀಲ ಒಟ್ಟಿಗೆ ಇಟ್ಟವರು ಮೂರನೇ ತಿಂಗಳಿಗೆ ಮೇಲೆ ಹತ್ತುವುದನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ.

ಹೊಸಬರಿಗೆ ನಾನು ಮೊದಲು ಕೊಡುವುದು ತೊಂಡೆ. ಅದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ, ಬೀಜದಿಂದ ಬೆಳೆಸಿದರೆ ಯಾವುದು ಬರುತ್ತದೋ ಹೇಳಲಾಗದು. ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣಿರುವ ಕಡ್ಡಿ ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಟ್ಟರೆ ಸಾಕು. ಒಮ್ಮೆ ಹಿಡಿದರೆ ವರ್ಷಾನುಗಟ್ಟಲೆ ಇರುತ್ತದೆ. ಬಾಟಲಿ ಬಿಟ್ಟ ಮೇಲೆ ನಾನು ಮೊದಲು ನೆಟ್ಟದ್ದು ಅದನ್ನೇ. ಮರುವರ್ಷ ಒಂದು ಬೆಳಿಗ್ಗೆ ತಾಯಿ ತಾವಾಗಿ ಮೇಲೆ ಬಂದು, ಎಲೆಗಳನ್ನು ಮಗುಚಿ ಮಗುಚಿ ನೋಡಿ, ನೆಲದ ಮೇಲೂ ಒಮ್ಮೆ ಕಣ್ಣಾಡಿಸಿ, ಸೆರಗಿನಲ್ಲಿ ಒಂದಿಷ್ಟು ತೊಂಡೆಕಾಯಿ ಬಿಡಿಸಿಕೊಂಡು ಹೋದರು. ಅಂದು ಪಲ್ಯ ಅವರೇ ಮಾಡಿ ನನಗೂ ಬಡಿಸಿದರು. ಅವರು ಹೋಗಿ ಈಗ ಕೆಲವು ವರ್ಷಗಳಾದವು.

ಬಳ್ಳಿ ಇದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದನ್ನು ಸವರಿ, ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನಮ್ಮ ಬಸದಿಯ ಜಗಲಿಯ ಮೇಲೆ ಇಟ್ಟಿರುತ್ತೇನೆ. ಬೇಕಾದವರು ಒಯ್ಯಬಹುದು. ಬುಡ ಯಾವುದು, ತುದಿ ಯಾವುದು ಎಂದು ಗುರುತಾಗಲೆಂದು ಬುಡದ ಕಡೆ ಓರೆಯಾಗಿ ಕತ್ತರಿಸಿರುತ್ತೇನೆ, ಆ ಕಡೆಯನ್ನೇ ಮಣ್ಣಿಗೆ ಇಳಿಸಿ.